ಅಮ್ಮೆಂಬಳ ಸುಬ್ಬರಾವ್ ಪೈ: ಪರ್ಮನೆಂಟ್ ಅನ್ನುವ ಶಬ್ದದ ಲೆಕ್ಕ

ಕೆನರಾ ಬ್ಯಾಂಕಿನ ಪಾಸ್‌ಬುಕ್ ನಮ್ಮಲ್ಲಿ ತುಂಬಾ ಜನರ ಹತ್ತಿರ ಉಂಟು. ಕೆಲವರಿಗೆ ಸ್ಕಾಲರ್‌ಶಿಪ್ ಬರುವುದು ಅಲ್ಲಿಗೆ, ಕೆಲವರ ಎಜುಕೇಶನ್ ಲೋನ್ ಇರುವುದೂ ಅಲ್ಲಿಯೇ. ಆ ಬ್ಯಾಂಕನ್ನು ಶುರು ಮಾಡಿದವರು ಯಾರು ಅಂತ ಕೇಳಿದರೆ ಅಮ್ಮೆಂಬಳ ಸುಬ್ಬರಾವ್ ಪೈ ಅನ್ನುವ ಹೆಸರನ್ನು ಅರ್ಧ ಜನ ಹೇಳಿಯಾರು. ಅವರ ಬಗ್ಗೆ ಇನ್ನೊಂದು ವಾಕ್ಯ ಹೇಳಿ ಅಂದರೆ ಮಾತ್ರ ಎಲ್ಲರೂ ಮೊಬೈಲ್ ತೆಗೆಯುತ್ತೇವೆ. ಹೆಸರಿನ ಮೊದಲಿಗಿರುವ ಅಮ್ಮೆಂಬಳ ನಮ್ಮ ಬಂಟ್ವಾಳದ ಕಡೆಯ ಊರಿನ ಹೆಸರು ಅನ್ನುವುದೂ ಹಲವರಿಗೆ ಗೊತ್ತಿಲ್ಲ.

ಈ ಸಲ ಅವರ ಬಗ್ಗೆಯೇ ಬರೆಯೋಣ ಅಂತ ನಾವು ಹೊರಟದ್ದಕ್ಕೆ ಒಂದು ಕಾರಣ ಇದೆ. ಮಿಜಾರು, ಉಜಿರೆ, ಬೆಂಜನಪದವು ಅಂತ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಗುಡ್ಡಗಳ ಮೇಲೆಲ್ಲ ಈಗ ಇಂಜಿನಿಯರಿಂಗ್ ಕಾಲೇಜುಗಳಿವೆ. ಇಲ್ಲಿ ಓದುವ ಕೆಲವರ ಮನಸ್ಸು ಕೋಡಿಂಗ್ ಬಿಟ್ಟು ಬೇರೆ ಕಡೆ ವಾಲುತ್ತಾ ಇದೆ: ಆಕ್ಚುರಿಯಲ್ ಸೈನ್ಸ್. ಕನ್ನಡದಲ್ಲಿ ವಿಮಾಗಣಿತ ಅನ್ನಬಹುದು. ಮನುಷ್ಯ ಎಷ್ಟು ವರ್ಷ ಬದುಕಬಹುದು, ಸಾಲ ಕೊಟ್ಟರೆ ವಾಪಸ್ ಬರುವ ಸಂಭವ ಎಷ್ಟು, ಇಪ್ಪತ್ತು ವರ್ಷದ ನಂತರ ಕೊಡಬೇಕಾದ ಹಣಕ್ಕೆ ಇವತ್ತು ಎಷ್ಟು ಎತ್ತಿಡಬೇಕು ಅನ್ನುವುದನ್ನೆಲ್ಲ ಲೆಕ್ಕ ಹಾಕುವ ಶಾಸ್ತ್ರ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾ ನಡೆಸುವ ಎಸಿಇಟಿ ಪ್ರವೇಶ ಪರೀಕ್ಷೆಯನ್ನು ಪಿಯುಸಿ ಮುಗಿದವರೂ ಬರೆಯಬಹುದು. ಸಂಖ್ಯಾಶಾಸ್ತ್ರ ಮತ್ತು ಬಡ್ಡಿಯ ಗಣಿತ ಒಂದು ಕಡೆ, ಬಿಸಿನೆಸ್ ಫೈನಾನ್ಸ್ ಮತ್ತು ಅರ್ಥಶಾಸ್ತ್ರ ಇನ್ನೊಂದು ಕಡೆ ಅಂತ ಅದರ ಆರಂಭದ ಪೇಪರ್‌ಗಳು. ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದಕ್ಕೇ ಪದವಿ ಇದೆ.

ಸುಬ್ಬರಾವ್ ಪೈಯವರ ಕಾಲದಲ್ಲಿ ಇದೊಂದೂ ಇರಲಿಲ್ಲ. ಅವರು ಓದಿದ್ದು ಕಾನೂನು. ಆದರೂ ಈ ಶಾಸ್ತ್ರದ ಬುಡದಲ್ಲಿರುವ ಪ್ರಶ್ನೆಯನ್ನು ನಮ್ಮ ಕರಾವಳಿಯಲ್ಲಿ ಕೈಯಾರೆ ಬಿಡಿಸಿದವರಲ್ಲಿ ಅವರು ಮೊದಲಿಗರು. ಒಬ್ಬ ಮನುಷ್ಯ ಹೋದ ಮೇಲೂ ಅವನು ಕಟ್ಟಿದ್ದು ನಡೆಯಬೇಕಾದರೆ ಅದನ್ನು ಹೇಗೆ ಕಟ್ಟಬೇಕು? ಆ ಪ್ರಶ್ನೆ ಅದು.

ಮೂಲ್ಕಿಯಿಂದ ಮದರಾಸಿಗೆ

ಪೈಯವರು ಹುಟ್ಟಿದ್ದು 1852ರ ನವೆಂಬರ್ 19ರಂದು, ಮೂಲ್ಕಿಯಲ್ಲಿ. ತಂದೆ ಉಪೇಂದ್ರ ಪೈಯವರು ಅಲ್ಲಿನ ಮುನ್ಸಿಫ್ ಕೋರ್ಟಿನಲ್ಲಿ ವಕೀಲರು. ಅಂದರೆ ಮನೆಯಲ್ಲಿ ಜಾಗದ ತಕರಾರು, ಸಾಲದ ಕಾಗದ, ಅಡವು, ಹರಾಜು ಎಲ್ಲ ದಿನನಿತ್ಯದ ಮಾತು. ಹುಡುಗ ಹತ್ತು ವರ್ಷದವನಾಗುವ ಹೊತ್ತಿಗೆ ಕೆನರಾ ಜಿಲ್ಲೆ ಎರಡು ಪಾಲಾಗಿತ್ತು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಹೋಯಿತು, ನಮ್ಮ ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಹಾಗಾಗಿ ಡಿಗ್ರಿ ಬೇಕು ಅಂದರೆ ದಾರಿ ಒಂದೇ. 1857ರಲ್ಲಿ ಶುರುವಾಗಿದ್ದ ಮದ್ರಾಸ್ ವಿಶ್ವವಿದ್ಯಾಲಯ.

ಮಂಗಳೂರಿನಲ್ಲಿ ಶಾಲೆ ಮುಗಿಸಿದ ಪೈಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದರು. ಇವತ್ತು ರಾತ್ರಿ ಮಂಗಳೂರಿನಲ್ಲಿ ರೈಲು ಹತ್ತಿದರೆ ನಾಳೆ ಚೆನ್ನೈ. ಆಗ ಮಂಗಳೂರಿಗೆ ರೈಲೇ ಇರಲಿಲ್ಲ, ಅದು ಬಂದದ್ದು 1907ರಲ್ಲಿ. ಮದರಾಸಿನಿಂದ ಪಶ್ಚಿಮ ಕರಾವಳಿಗೆ ಬರುವ ರೈಲು ಕೇರಳದ ಬೇಪೂರಿಗೇ ಮುಗಿಯುತ್ತಿತ್ತು. ಅಲ್ಲಿಯವರೆಗಿನ ದಾರಿ ಕಡಲಿನದು, ಇಲ್ಲವೇ ಹೊಳೆ ದಾಟಿ ದಾಟಿ ಹೋಗುವ ನೆಲದ್ದು. ಸೆಮಿಸ್ಟರ್ ಮಧ್ಯೆ ಊರಿಗೆ ಬಂದು ಬಟ್ಟೆ ಒಗೆಸಿಕೊಂಡು ಹೋಗುವ ನಮ್ಮ ಕಾಲದ ಓದಲ್ಲ ಅದು.

ಅಲ್ಲಿ ಬಿ.ಎ. ಮುಗಿಸಿದರು, ಕಾನೂನು ಪದವಿಯನ್ನೂ ಪಡೆದರು. ಆ ಕಾಲಕ್ಕೆ ನಮ್ಮ ದೇಶದಲ್ಲಿ ವಾಣಿಜ್ಯಕ್ಕೆ ಅಂತಲೇ ಕಾಲೇಜು ಇರಲಿಲ್ಲ. ಬೊಂಬಾಯಿಯ ಸಿಡನ್‌ಹ್ಯಾಮ್ ಕಾಲೇಜು ತೆರೆದದ್ದು 1913ರಲ್ಲಿ. ಆಕ್ಚುರಿ ಆಗಬೇಕಾದರೆ 1848ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್‌ನ ಪರೀಕ್ಷೆ ಬರೆಯಬೇಕಿತ್ತು. ಲೆಕ್ಕದ ತಲೆ ಇದ್ದ ಊರಿನ ಹುಡುಗನಿಗೆ ಸಿಗುತ್ತಿದ್ದದ್ದು ಸರಕಾರಿ ಉದ್ಯೋಗ, ಮೇಷ್ಟರ ಕೆಲಸ, ಇಲ್ಲವೇ ವಕೀಲಿ. ಪೈಯವರು ತಂದೆಯ ದಾರಿ ಹಿಡಿದರು. ಆದರೆ ಮದರಾಸಿನ ಹೈಕೋರ್ಟಿನ ಸುತ್ತ ನಿಲ್ಲದೆ ಮಂಗಳೂರಿಗೆ ವಾಪಸ್ ಬಂದು 1870ರ ದಶಕದಲ್ಲಿ ಇಲ್ಲೇ ವಕೀಲಿ ಶುರು ಮಾಡಿದರು.

ಕೋರ್ಟಿನ ಹೊರಗೆ ಗೆದ್ದ ವಕೀಲರು

ವಕೀಲರಾಗಿ ಅವರು ಹೆಸರು ಮಾಡಿದ್ದು ಸ್ವಲ್ಪ ತಮಾಷೆಯ ರೀತಿಯಲ್ಲಿ. ಕೇಸು ಕೋರ್ಟಿಗೆ ಹೋಗದ ಹಾಗೆ ನೋಡಿಕೊಳ್ಳುವವರು ಅಂತ. ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿ ರಾಜಿ ಮಾಡಿಸುವುದಕ್ಕೇ ಅವರ ಒಲವು. ಫೀಸಿನ ಲೆಕ್ಕದಲ್ಲಿ ಇದು ನಷ್ಟ. ಕೇಸು ಎಳೆದಷ್ಟೂ ವಕೀಲರಿಗೆ ಲಾಭ ಅಲ್ವಾ? ಆದರೆ ಈ ನಷ್ಟದಿಂದ ಅವರಿಗೆ ಇನ್ನೊಂದು ಆಸ್ತಿ ಜಮೆಯಾಯಿತು. ಜನರ ನಂಬಿಕೆ. ಮೂವತ್ತು ವರ್ಷ ಕಳೆದ ಮೇಲೆ ಆ ಆಸ್ತಿಯೇ ಕೆಲಸಕ್ಕೆ ಬಂತು ಅಂತ ನಮಗನಿಸುತ್ತದೆ.

ಸಾಲ ಹೇಗೆ ಮನೆ ಮುಳುಗಿಸುತ್ತದೆ ಅನ್ನುವುದು ಸಿವಿಲ್ ವಕೀಲರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ರೂಪಾಯಿಗೆ ತಿಂಗಳಿಗೆ ಅರ್ಧ ಆಣೆ ಬಡ್ಡಿ ಅಂತ ಇಟ್ಟುಕೊಳ್ಳಿ. ಕೇಳಲಿಕ್ಕೆ ಸಣ್ಣದು. ರೂಪಾಯಿಗೆ 16 ಆಣೆ ಅಂದ ಮೇಲೆ ಇದು ತಿಂಗಳಿಗೆ ನೂರಕ್ಕೆ 3.125, ವರ್ಷಕ್ಕೆ 37.5. ಕಟ್ಟದೆ ಬಿಟ್ಟು ತಿಂಗಳು ತಿಂಗಳಿಗೆ ಚಕ್ರಬಡ್ಡಿ ಸೇರಿದರೆ ವರ್ಷದ ಕೊನೆಗೆ 100 ರೂಪಾಯಿ ಸುಮಾರು 145 ಆಗುತ್ತದೆ, ಮೂರು ವರ್ಷಕ್ಕೆ 300 ದಾಟುತ್ತದೆ. ಮಗಳ ಮದುವೆಗೆ ಅಂತ ಗದ್ದೆ ಅಡವಿಟ್ಟವನು ಎರಡು ಬೆಳೆ ಕಳೆದುಕೊಂಡರೆ ಮೂರನೆಯ ವರ್ಷ ಗದ್ದೆಯನ್ನೇ ಕಳೆದುಕೊಳ್ಳುತ್ತಾನೆ. ಅವನನ್ನು ಮುಳುಗಿಸಿದ್ದು ಸೋಮಾರಿತನ ಅಲ್ಲ, ಬಡ್ಡಿ ಏರುವ ವೇಗ.

ಬಡ್ಡಿಯ ಗಣಿತ ನಮ್ಮ ನೆಲಕ್ಕೆ ಹೊಸತೇನೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಅಸಲು, ಬಡ್ಡಿ, ಅವಧಿಯ ಲೆಕ್ಕಗಳಿಗೆ ಒಂದು ಭಾಗವೇ ಇದೆ. 1912ರಲ್ಲಿ ಮದರಾಸಿನಲ್ಲಿ ಆ ಗ್ರಂಥ ಅಚ್ಚಾದಾಗ ಮೂಡುಬಿದಿರೆಯ ಜೈನ ಮಠದಲ್ಲಿದ್ದ ಹಸ್ತಪ್ರತಿಯ ನಕಲೂ ಬಳಕೆಯಾಯಿತು. ಅದನ್ನು ಸಂಪಾದಿಸಿದ ಎಂ. ರಂಗಾಚಾರ್ಯರು ಪೈಯವರು ಓದಿದ ಅದೇ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರು. ಲೆಕ್ಕ ನಮ್ಮ ಮಠದಲ್ಲಿ ಭದ್ರವಾಗಿತ್ತು. ಸಾಲಗಾರನ ಪರವಾಗಿ ಆ ಲೆಕ್ಕ ಹಾಕುವ ಸಂಸ್ಥೆ ಇರಲಿಲ್ಲ, ಅಷ್ಟೇ.

ಮೊದಲು ಶಾಲೆ, ಆಮೇಲೆ ಬ್ಯಾಂಕು

ಪೈಯವರ ಬದುಕಿನಲ್ಲಿ ಬ್ಯಾಂಕು ಬಂದದ್ದು ಕೊನೆಗೆ. ಮೊದಲು ಬಂದದ್ದು ಶಾಲೆ. 1891ರಲ್ಲಿ, 38ನೇ ವಯಸ್ಸಿನಲ್ಲಿ, ಮಂಗಳೂರಿನಲ್ಲಿ ಕೆನರಾ ಹೈಸ್ಕೂಲು ತೆರೆದರು. ಮೂರೇ ವರ್ಷಕ್ಕೆ, 1894ರಲ್ಲಿ, ಹೆಣ್ಣುಮಕ್ಕಳ ಶಾಲೆ. ಇದು ಸಣ್ಣ ಮಾತಲ್ಲ. ಹೆಣ್ಣುಮಕ್ಕಳಿಗೆ ಎಂತಕ್ಕೆ ಓದು ಅಂತ ಕೇಳುವುದು ನಾಚಿಕೆಯ ಮಾತಾಗಿರದ ಕಾಲ ಅದು. ಹತ್ತು ವರ್ಷ ದಾಟುವ ಮೊದಲೇ ಮದುವೆ ಮಾಡುವ ಮನೆಗಳು ಎಷ್ಟೋ ಇದ್ದವು. ಅಂಥ ಮನೆಗಳಿಂದ ಹುಡುಗಿಯರನ್ನು ಬೆಂಚಿಗೆ ತರಬೇಕಾದರೆ ಕಟ್ಟಡ ಕಟ್ಟಿದರೆ ಸಾಲದು, ಮಕ್ಕಳ ಅಪ್ಪಂದಿರು ಆ ಕಟ್ಟಡದ ಹಿಂದೆ ನಿಂತವರನ್ನು ನಂಬಬೇಕು.

ಈ ಎರಡು ಶಾಲೆಗಳನ್ನು ನಾವು ಸಮಾಜಸೇವೆ ಅನ್ನುವ ಒಂದೇ ಡಬ್ಬಕ್ಕೆ ಹಾಕಿ ಮುಂದೆ ಹೋಗುತ್ತೇವೆ. ಪೈಯವರನ್ನು ಅರ್ಥ ಮಾಡಿಕೊಳ್ಳಲು ಅದು ಸಾಕಾಗುವುದಿಲ್ಲ. ಶಾಲೆ ಅಂದರೂ ದೀರ್ಘಾವಧಿಯ ಹೊಣೆಯೇ. ಇವತ್ತು ಒಂದನೇ ಕ್ಲಾಸಿಗೆ ಸೇರಿಸಿಕೊಂಡ ಮಗುವಿಗೆ ಹತ್ತು ವರ್ಷ ಪಾಠ ಹೇಳುತ್ತೇವೆ ಅಂತ ಮಾತು ಕೊಟ್ಟ ಹಾಗೆ. ಮೇಷ್ಟರು ಬದಲಾಗುತ್ತಾರೆ, ದಾನಿಗಳು ತೀರಿಹೋಗುತ್ತಾರೆ, ಮಾತು ಮಾತ್ರ ಉಳಿಯಬೇಕು. ಆ ಪಾಠವನ್ನು ಪೈಯವರು ಹದಿನೈದು ವರ್ಷ ಶಾಲೆ ನಡೆಸಿ ಕಲಿತರು. ಹಣದ ಸಂಸ್ಥೆಗೆ ಕೈ ಹಾಕಿದ್ದು ಅದಾದ ಮೇಲೆ.

1906ರ ಜುಲೈ 1

1905ರಲ್ಲಿ ಬಂಗಾಳದ ವಿಭಜನೆಯಾಗಿ ಸ್ವದೇಶಿ ಚಳವಳಿ ದೇಶಕ್ಕೆಲ್ಲ ಹಬ್ಬಿತ್ತು. ನಮ್ಮದೇ ಬ್ಯಾಂಕು, ನಮ್ಮದೇ ಕಂಪನಿ ಅನ್ನುವ ಮಾತು ಎಲ್ಲ ಕಡೆ. ಹಣಕಾಸಿನ ವ್ಯವಹಾರ ಯುರೋಪಿಯನ್ನರ ಕೈಯಲ್ಲಿದ್ದಾಗ ಏನಾಗುತ್ತದೆ ಅನ್ನುವುದಕ್ಕೆ ಜೀವವಿಮೆಯೇ ಒಳ್ಳೆ ಉದಾಹರಣೆ. ವಿದೇಶಿ ಕಂಪನಿಗಳು ಭಾರತೀಯರ ಜೀವಕ್ಕೆ ಮೊದಮೊದಲು ವಿಮೆಯನ್ನೇ ಕೊಡುತ್ತಿರಲಿಲ್ಲ. ಕೊಟ್ಟಾಗಲೂ ಹೆಚ್ಚುವರಿ ಪ್ರೀಮಿಯಂ ಹಾಕುತ್ತಿದ್ದವು. ನಮ್ಮವರ ಸಾವು ಬದುಕಿನ ಕೋಷ್ಟಕ ಅವರ ಹತ್ತಿರ ಇರಲಿಲ್ಲ. ಗೊತ್ತಿಲ್ಲದವರನ್ನೆಲ್ಲ ಅಪಾಯದವರು ಅಂತ ಎಣಿಸಿಬಿಡುವುದು ಸುಲಭದ ದಾರಿ. ಬಾಂಬೆ ಮ್ಯೂಚುವಲ್ ಸಂಸ್ಥೆ ಬಂದು ಸಾಮಾನ್ಯ ದರಕ್ಕೇ ವಿಮೆ ಕೊಟ್ಟ ಮೇಲೆ ಲೆಕ್ಕ ಬದಲಾಯಿತು.

ಸಾಲದ ಕಥೆಯೂ ಅದೇ. ದೊಡ್ಡ ವ್ಯಾಪಾರಿಗೆ ದೊಡ್ಡ ಬ್ಯಾಂಕು ಸಾಲ ಕೊಟ್ಟೀತು. ಸಣ್ಣ ಅಂಗಡಿಯವನು, ಗುಮಾಸ್ತ, ಗದ್ದೆಯವನು ಅದರ ಪುಸ್ತಕದಲ್ಲೇ ಇಲ್ಲ. ಅವನಿಗೆ ಉಳಿದದ್ದು ಸಾಹುಕಾರನ ಜಗಲಿ.

1906ರಲ್ಲಿ ನಮ್ಮ ಜಿಲ್ಲೆಯಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು. ಮಾರ್ಚ್‌ನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್. ನಾವೆಲ್ಲ ಕಾರ್ಪೊರೇಷನ್ ಬ್ಯಾಂಕ್ ಅಂತ ಕೇಳಿದ್ದು ಅದೇ. ಜುಲೈ 1ರಂದು ಮಂಗಳೂರಿನಲ್ಲಿ ಸುಬ್ಬರಾವ್ ಪೈಯವರ ಕೆನರಾ ಹಿಂದು ಪರ್ಮನೆಂಟ್ ಫಂಡ್. 50 ರೂಪಾಯಿಯ 2000 ಶೇರುಗಳು, ನಾಲ್ಕು ಮಂದಿ ನೌಕರರು. ಪೈಯವರಿಗೆ ಆಗ 53 ವರ್ಷ.

ಪರ್ಮನೆಂಟ್ ಅಂದರೆ ಎಂತ?

ಆ ಉದ್ದ ಹೆಸರಿನಲ್ಲಿ ನಮ್ಮ ಕಣ್ಣಿಗೆ ಬೀಳಬೇಕಾದದ್ದು ಮೂರನೆಯ ಶಬ್ದ. ಪರ್ಮನೆಂಟ್. ಅದು ಬರೀ ಅಲಂಕಾರ ಅಲ್ಲ, ಒಂದು ಗಣಿತದ ಶಬ್ದ.

ಊರಿನ ಚೀಟಿ ನೆನಪು ಮಾಡಿಕೊಳ್ಳಿ. ಇಂತಿಷ್ಟು ಜನ, ಇಂತಿಷ್ಟು ತಿಂಗಳು, ಎಲ್ಲರೂ ಒಂದೇ ದಿನ ಶುರು, ಒಂದೇ ದಿನ ಮುಗಿತಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಿಲ್ಡಿಂಗ್ ಸೊಸೈಟಿಗಳು ಹೆಚ್ಚು ಕಡಿಮೆ ಹೀಗೇ ಇದ್ದವು, ಅವಧಿ ಮುಗಿದ ಕೂಡಲೇ ಸೊಸೈಟಿಯೇ ಮುಚ್ಚುತ್ತಿತ್ತು. ತಿಂಗಳಿಗೆ 1 ರೂಪಾಯಿಯಂತೆ 84 ತಿಂಗಳ ಒಂದು ಫಂಡ್ ಅಂತ ತಿಳಿಯೋಣ, ಬಡ್ಡಿ ತಿಂಗಳಿಗೆ ನೂರಕ್ಕೆ ಅರ್ಧ. ಕೊನೆಗೆ ಪ್ರತಿಯೊಬ್ಬನಿಗೂ 104 ರೂಪಾಯಿ ಬರುತ್ತದೆ. ಸರಿ. ಆದರೆ ಐದು ವರ್ಷ ಕಳೆದ ಮೇಲೆ ಒಬ್ಬ ಬಂದು ನನ್ನನ್ನೂ ಸೇರಿಸಿಕೊಳ್ಳಿ ಅಂದರೆ? ಅವನು ಹಿಂದಿನ 60 ಕಂತನ್ನೂ ಅದರ ಬಡ್ಡಿಯನ್ನೂ ಒಟ್ಟಿಗೆ ಕಟ್ಟಬೇಕು, ಸುಮಾರು 70 ರೂಪಾಯಿ. ಅಷ್ಟು ಹಣ ಒಟ್ಟಿಗೆ ಇದ್ದಿದ್ದರೆ ಅವನು ಫಂಡಿಗೆ ಎಂತಕ್ಕೆ ಬರುತ್ತಿದ್ದ ಮಾರಾಯ್ರೆ? ಹೊಸಬರು ಬರುವುದಿಲ್ಲ, ಹಳಬರಿಗೆ ಸಾಲ ಬೇಕಿಲ್ಲ, ಹಣ ಸುಮ್ಮನೆ ಕೂರುತ್ತದೆ.

ಇದಕ್ಕೆ ಪರಿಹಾರ ಹುಡುಕಿ ಪ್ರಚಾರ ಮಾಡಿದವರಲ್ಲಿ ಆರ್ಥರ್ ಸ್ಕ್ರಾಚ್ಲಿ ಅನ್ನುವವನು ಮುಖ್ಯ. ಅವನ ಕಸುಬು ಯಾವುದು ಗೊತ್ತಾ? ಆಕ್ಚುರಿ. 1840ರ ದಶಕದಲ್ಲಿ ರೂಪ ಪಡೆದ ಈ ಶಾಶ್ವತ ಮಾದರಿಯಲ್ಲಿ ಪ್ರತಿ ಸದಸ್ಯನ ಲೆಕ್ಕ ಅವನು ಸೇರಿದ ದಿನದಿಂದಲೇ ಶುರು. ಉಳಿಸುವವನು ಬೇರೆ, ಸಾಲ ಪಡೆಯುವವನು ಬೇರೆ ಆಗಬಹುದು. ಯಾವಾಗ ಬೇಕಾದರೂ ಬರಬಹುದು, ಹೋಗಬಹುದು, ಸಂಸ್ಥೆಗೆ ಮಾತ್ರ ಮುಗಿಯುವ ದಿನಾಂಕ ಇಲ್ಲ. ಇದು ನಡೆಯಬೇಕಾದರೆ ಯಾವ ದಿನ ಕೇಳಿದರೂ ಪ್ರತಿಯೊಂದು ಖಾತೆಯ ಆ ದಿನದ ಬೆಲೆ ಎಷ್ಟು ಅಂತ ಹೇಳಲು ಬರಬೇಕು. ಆಕ್ಚುರಿಯಲ್ ಗಣಿತದ ಮೊದಲ ಪೇಪರ್‌ನಲ್ಲಿ ಪ್ರೆಸೆಂಟ್ ವ್ಯಾಲ್ಯೂ ಅಂತ ಓದುವುದು ಇದನ್ನೇ. ಮದ್ರಾಸ್ ಪ್ರಾಂತ್ಯದಲ್ಲಿ ಇಂಥ ನಿಧಿಗಳು ಆಗಲೇ ಬೇರೂರಿದ್ದವು. ಮೈಲಾಪುರದ ಹಿಂದು ಪರ್ಮನೆಂಟ್ ಫಂಡ್ ಶುರುವಾದದ್ದು 1872ರಲ್ಲಿ. ಪೈಯವರು ಮದರಾಸಿನಿಂದ ತಂದದ್ದು ಡಿಗ್ರಿ ಸರ್ಟಿಫಿಕೇಟ್ ಒಂದೇ ಅಲ್ಲ, ಆ ಊರಿನಲ್ಲಿ ನಡೆಯುತ್ತಿದ್ದದ್ದರ ಅರಿವನ್ನೂ ತಂದಿದ್ದರು ಅಂತ ನಾವು ಓದಿಕೊಳ್ಳುತ್ತೇವೆ.

ನಾಲ್ಕೇ ತಿಂಗಳಿಗೆ ಪರೀಕ್ಷೆ

ಫಂಡ್ ತೆರೆದು ನಾಲ್ಕು ತಿಂಗಳು ಆಗುವ ಮೊದಲೇ ಮದರಾಸಿನಲ್ಲಿ ಸಿಡಿಲು ಬಡಿಯಿತು. 1906ರ ಅಕ್ಟೋಬರ್‌ನಲ್ಲಿ ಅರ್ಬತ್‌ನಾಟ್ ಕಂಪನಿ ಬಾಗಿಲು ಹಾಕಿತು. ಪ್ರಾಂತ್ಯದಲ್ಲೇ ದೊಡ್ಡ ಹೆಸರಿನ ಬ್ರಿಟಿಷ್ ಹಣಕಾಸು ಸಂಸ್ಥೆ ಅದು. ನಿವೃತ್ತರು, ವಿಧವೆಯರು, ವಕೀಲರು, ನೌಕರರು ಅಂತ ಸಾವಿರಾರು ಜನ ಜೀವಮಾನದ ಉಳಿತಾಯ ಇಟ್ಟಿದ್ದರು. ಅದರ ಯಜಮಾನ ಸರ್ ಜಾರ್ಜ್ ಅರ್ಬತ್‌ನಾಟ್ ಕೊನೆಗೆ ಜೈಲಿಗೆ ಹೋದ. ಆ ಪೆಟ್ಟಿನಿಂದಲೇ ವಿ. ಕೃಷ್ಣಸ್ವಾಮಿ ಅಯ್ಯರ್ ಮೊದಲಾದವರು ಮುಂದಾಗಿ 1907ರಲ್ಲಿ ಇಂಡಿಯನ್ ಬ್ಯಾಂಕ್ ಕಟ್ಟಿದರು.

ಇಲ್ಲಿ ನಮಗೆ ಪಾಠ ಉಂಟು. ಬ್ಯಾಂಕು ನಿಂತಿರುವುದು ಒಂದು ಊಹೆಯ ಮೇಲೆ: ಎಲ್ಲರೂ ಒಂದೇ ದಿನ ಹಣ ವಾಪಸ್ ಕೇಳುವುದಿಲ್ಲ. ಸಾವಿರ ಜನ ಸಾವಿರ ಬೇರೆ ಬೇರೆ ಕಾರಣಕ್ಕೆ ಬರುತ್ತಾರೆ ಅಂದರೆ ಸರಾಸರಿ ನಿಲ್ಲುತ್ತದೆ. ಪ್ರಾಬಬಿಲಿಟಿ ಕ್ಲಾಸಿನಲ್ಲಿ ಇಂಡಿಪೆಂಡೆಂಟ್ ಅಂತ ಬರೆದು ಮುಂದೆ ಹೋಗುತ್ತೇವಲ್ಲ, ಅದು. ಆದರೆ ಭಯ ಹುಟ್ಟಿದ ದಿನ ಸಾವಿರ ಜನರೂ ಒಂದೇ ಕಾರಣಕ್ಕೆ ಬರುತ್ತಾರೆ. ಆಗ ಸೂತ್ರ ಮುರಿಯುತ್ತದೆ. ಸೂತ್ರವನ್ನು ಕಾಯುವುದು ನಂಬಿಕೆ. ಅದನ್ನು ಯಾವ ಕೋಷ್ಟಕದಲ್ಲೂ ಬರೆದಿಡಲು ಆಗುವುದಿಲ್ಲ.

ಅಂಥ ಹೊತ್ತಿನಲ್ಲಿ ನಾಲ್ಕು ನೌಕರರ ಎಳೆಯ ಫಂಡ್ ಒಂದು ಮಂಗಳೂರಿನಲ್ಲಿ ಬದುಕಿ ಉಳಿಯಿತು. ಅದರ ಹಿಂದೆ ಇದ್ದವರು ಕೇಸು ಎಳೆಯದ ವಕೀಲರು, ಊರಿನ ಮಕ್ಕಳಿಗೆ ಶಾಲೆ ತೆರೆದವರು. ಇಪ್ಪತ್ತು, ಮೂವತ್ತು ವರ್ಷ ಬಿಡಿಬಿಡಿಯಾಗಿ ಕಟ್ಟಿದ ಕಂತಿನ ಹಾಗೆ ಆ ಹೆಸರು ಬೆಳೆದಿತ್ತು. ಉಳಿವಿಗೆ ಬೇರೆ ಕಾರಣಗಳೂ ಇದ್ದಾವು, ಆದರೆ ಈ ಕಾರಣವನ್ನು ಬಿಟ್ಟು ಲೆಕ್ಕ ಕೂಡುವುದಿಲ್ಲ ಅಂತ ನಮ್ಮ ಅಭಿಪ್ರಾಯ.

ಮನುಷ್ಯ ಹೋದ, ಫಂಡ್ ನಿಂತಿತು

1909ರ ಜುಲೈ 25ರಂದು ಪೈಯವರು ತೀರಿಕೊಂಡರು. 56 ವರ್ಷ. ಫಂಡಿಗೆ ಆಗಷ್ಟೇ ಮೂರು ವರ್ಷ ತುಂಬಿತ್ತು.

ನಿಜವಾದ ಪರೀಕ್ಷೆ ಇದು. ಒಬ್ಬರ ಹೆಸರಿನ ಬಲದಲ್ಲಿ ನಡೆಯುವ ಸಂಸ್ಥೆಗಳು ಆ ಒಬ್ಬರು ಹೋದ ವರ್ಷವೇ ಸೊರಗುವುದನ್ನು ನಾವು ಎಷ್ಟು ನೋಡಿಲ್ಲ? ಯಕ್ಷಗಾನ ಸಂಘ, ಯುವಕ ಮಂಡಲ, ಸಹಕಾರಿ ಸಂಘ, ಪಟ್ಟಿ ಮಾಡಿದರೆ ಮುಗಿಯದು. ಈ ಫಂಡ್ ಸೊರಗಲಿಲ್ಲ. 1910ರಲ್ಲಿ ಕೆನರಾ ಬ್ಯಾಂಕ್ ಲಿಮಿಟೆಡ್ ಆಯಿತು. ಹಿಂದು ಅನ್ನುವ ಶಬ್ದವೂ ಪರ್ಮನೆಂಟ್ ಅನ್ನುವ ಶಬ್ದವೂ ಹೆಸರಿನಿಂದ ಬಿಟ್ಟುಹೋದವು, ಶಾಶ್ವತತೆ ಮಾತ್ರ ಉಳಿಯಿತು. 1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಅದೂ ಒಂದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ದಿನದ ಚಿಲ್ಲರೆಯನ್ನು ಪಿಗ್ಮಿ ಅಂತ ಸಂಗ್ರಹಿಸಿ ಬೆಳೆದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಇದರೊಳಗೆ ಸೇರಿತು. ಕರ್ನಾಟಕ ಬ್ಯಾಂಕ್, ವಿಜಯಾ ಬ್ಯಾಂಕ್ ಎಲ್ಲ ಇದೇ ಜಿಲ್ಲೆಯ ಮಣ್ಣಿನವು.

ಕೆನರಾ ಬ್ಯಾಂಕು ತನ್ನ ಸ್ಥಾಪನೆಯ ತತ್ವಗಳು ಅಂತ ಇಂದಿಗೂ ಹೇಳಿಕೊಳ್ಳುವ ಪಟ್ಟಿಯಲ್ಲಿ ಮೂಢನಂಬಿಕೆ ಮತ್ತು ಅಜ್ಞಾನ ಹೋಗಲಾಡಿಸುವುದು, ಎಲ್ಲರಿಗೂ ಶಿಕ್ಷಣ, ಉಳಿತಾಯದ ಅಭ್ಯಾಸ ಅಂತ ಬರುತ್ತದೆ. ಲಾಭದ ಮಾತಿಗಿಂತ ಮೊದಲು ಇವು. ಶಾಲೆಯೂ ನಿಲ್ಲಲಿಲ್ಲ. ಕೆನರಾ ಹೈಸ್ಕೂಲ್ ಅಸೋಸಿಯೇಷನ್ ಬೆಳೆದು ಬೆಳೆದು 2001ರಲ್ಲಿ ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಅಮ್ಮೆಂಬಳದ ಹೆಸರು ಹೊತ್ತ ಮನೆತನದವರ ಕೆಲಸ ನೂರಹತ್ತು ವರ್ಷದ ನಂತರ ಬಂಟ್ವಾಳದ ಗುಡ್ಡಕ್ಕೇ ಬಂದು ಮುಟ್ಟಿತು.

ಓದುವವರಿಗೆ ಇದರಲ್ಲಿ ಏನಿದೆ?

ನಮ್ಮ ಪೈಕಿ ಆಕ್ಚುರಿಯಲ್ ಪರೀಕ್ಷೆಗೆ ಕೂರುವವರು ಕೂರಲಿ. ಇವತ್ತು ಅದಕ್ಕೆ ಲಂಡನ್ನಿನ ಕಡೆ ನೋಡಬೇಕಿಲ್ಲ. 1944ರಲ್ಲಿ ನಮ್ಮ ದೇಶದ ಆಕ್ಚುರಿಗಳ ಸಂಘ ಹುಟ್ಟಿತು. 2006ರಲ್ಲಿ, ಪೈಯವರ ಫಂಡಿಗೆ ಸರಿಯಾಗಿ ನೂರು ತುಂಬಿದ ವರ್ಷ, ಆಕ್ಚುರೀಸ್ ಕಾಯ್ದೆಯೂ ಬಂತು. ಪೇಪರ್‌ಗಳು ಕಷ್ಟ, ಪಾಸಾಗಲು ವರ್ಷಗಟ್ಟಲೆ ಬೇಕು, ಒಳ್ಳೆ ಸಂಬಳ ಉಂಟು. ಇದೆಲ್ಲ ನಿಜ.

ಆದರೆ ಪೈಯವರ ಬದುಕನ್ನು ಓದಿದ ಮೇಲೆ ಒಂದು ಮಾತು ಸೇರಿಸಬೇಕು ಅನಿಸುತ್ತದೆ. ಬಡ್ಡಿಯ ಸೂತ್ರ ಸಾಹುಕಾರನಿಗೂ ಗೊತ್ತಿತ್ತು, ಅರ್ಬತ್‌ನಾಟ್ ಕಂಪನಿಗೂ ಗೊತ್ತಿತ್ತು. ಸೂತ್ರ ಮೂವರಿಗೂ ಒಂದೇ, ಅದು ಯಾರಿಗಾಗಿ ಅನ್ನುವುದರಲ್ಲಿ ಅವರು ಬೇರೆಯಾದರು. ಪೈಯವರ ಡಿಗ್ರಿಯಲ್ಲಿ ಬ್ಯಾಂಕಿಂಗ್ ಅನ್ನುವ ವಿಷಯವೇ ಇರಲಿಲ್ಲ, ಆದರೆ ಸಣ್ಣವರನ್ನು ಲೆಕ್ಕದ ಪುಸ್ತಕದೊಳಗೆ ತರಬೇಕು ಅನ್ನುವ ಹಟ ಇತ್ತು. ನಾವು ಮುಂದೆ ಯಾವ ಮಾಡೆಲ್ ಬರೆದರೂ, ಯಾವ ಆ್ಯಪ್ ಕಟ್ಟಿದರೂ, ಡೇಟಾ ಇಲ್ಲದವನನ್ನು ಅಪಾಯದವನು ಅಂತ ಬದಿಗೆ ಸರಿಸುವ ಸುಲಭದ ದಾರಿ ಎದುರಿಗೆ ಇದ್ದೇ ಇರುತ್ತದೆ. ಆಗ ನೆನಪಿಗೆ ಬರಬೇಕಾದವರು ಈ ಮೂಲ್ಕಿಯ ವಕೀಲರು.

ಮುಂದಿನ ಸಲ ಆ ಪಾಸ್‌ಬುಕ್ ಎಂಟ್ರಿ ಮಾಡಿಸುವಾಗ ಶಾಖೆಯ ಗೋಡೆಯ ಕಡೆ ಒಮ್ಮೆ ನೋಡಿ. ಪೈಯವರ ಫೋಟೋ ಇದ್ದರೆ ಎರಡನೇ ವಾಕ್ಯ ಹೇಳಲು ಈಗ ನಿಮಗೂ ಬರುತ್ತದೆ.